ಇಲಿಗಳ ಕಿವಿಗೆಂದು ಆಡಿದ ಮಾತು

ನಮ್ಮ ಕಡೆ ಇಲಿಗೆ ಪಾಷಾಣ ಇಡುವಾಗ ಮನೆಯೊಳಗೆ ಆ ಮಾತು ಎತ್ತಬಾರದು. ಎತ್ತಿದರೆ ಇಲಿಗೆ ಕೇಳಿಸುತ್ತದೆ, ಕೇಳಿಸಿದರೆ ಅದು ತಿನ್ನುವುದಿಲ್ಲ. ಗೋಡೆಗೂ ಕಿವಿಯಿದೆ ಎನ್ನುವುದನ್ನು ಬೇರೆ ಊರಿನವರು ಗಾದೆಯೆಂದು ಹೇಳುತ್ತಾರೆ, ನಮ್ಮವರು ಅದನ್ನು ನಂಬಿ ಸಂಸಾರ ಮಾಡುತ್ತಾರೆ. ನಾನು ಶಿಕಾರಿಪುರದ ಬಸ್ ಸ್ಟ್ಯಾಂಡಿನ ಎದುರು ಹೊಲಿಗೆ ಮಿಷನ್ ಇಟ್ಟುಕೊಂಡು ಕೂತವನು. ಬೆಳಗಿನಿಂದ ಸಂಜೆಯ ತನಕ ಊರಿನವರ ಮಾತು ನನ್ನ ಕಿವಿಗೆ ಬೀಳುತ್ತದೆ. ಮನುಷ್ಯನಿಗೆ ಎದುರು ನಿಂತು ಹೇಳಿದ್ದೇ ಕೇಳಿಸದ ಈ ಕಾಲದಲ್ಲಿ ಅಟ್ಟದ ಮೇಲಿನ ಇಲಿಗೆ ಕೇಳಿಸುತ್ತದೆಯೇ ಎಂದು ಎಷ್ಟೋ ಜನರ ಹತ್ತಿರ ವಾದ ಮಾಡಿ ಸೋತಿದ್ದೇನೆ. ಹೆಚ್ಚೇನು, ನನ್ನ ಹೆಂಡತಿ ನಿರ್ಮಲಮ್ಮನೇ ಕಣ್ಣು ಬಿಟ್ಟು ನನ್ನ ಬಾಯಿ ಮುಚ್ಚಿಸಿದ್ದಾಳೆ.

ಈ ನಂಬಿಕೆಯಿಂದಲೇ ಹೊಟ್ಟೆ ಹೊರೆದವನು ಉಚ್ಚಂಗಪ್ಪ. ಊರವರ ಬಾಯಲ್ಲಿ ಅವನು ಇಲಿ ಉಚ್ಚಂಗಪ್ಪ. ತೆಳ್ಳಗಿನ ಎತ್ತರದ ಆಳು, ಅಟ್ಟ ಹತ್ತಿ ಹತ್ತಿ ಬೆನ್ನು ಬಾಗಿತ್ತು. ಬೇಸಿಗೆಯಲ್ಲೂ ಒಂದು ಕರಿ ಕೋಟು ತೊಡುತ್ತಿದ್ದ. ಅದರ ಒಳಜೇಬುಗಳನ್ನು ಹೊಲಿದುಕೊಟ್ಟವನು ನಾನೇ. ಒಂದರಲ್ಲಿ ಪಾಷಾಣದ ಡಬ್ಬಿ, ಇನ್ನೊಂದರಲ್ಲಿ ಕೊಬ್ಬರಿ ಚೂರು, ಮತ್ತೊಂದರಲ್ಲಿ ಹುರಿದ ಶೇಂಗಾ. ಹಿಂದೆ ತಿಗಣೆ, ಜಿರಳೆ, ಗೆದ್ದಲಿನ ಕೆಲಸವನ್ನೂ ನೋಡುತ್ತಿದ್ದ. ತಿಗಣೆ ಹತ್ತಿದ ಮಂಚವನ್ನು ಬಿಸಿಲಿಗೆ ಹಾಕಿಸಿ ಸಂದುಗೊಂದಿಗೆಲ್ಲ ಕುದಿಯುವ ನೀರು ಸುರಿಸುವುದು, ಗೆದ್ದಲು ಹಿಡಿದ ಬಾಗಿಲಿಗೆ ಗೇರೆಣ್ಣೆ ಬಳಿಯುವುದು ಇಂಥವು. ಸರ್ಕಾರದವರು ಮಲೇರಿಯಾಕ್ಕೆಂದು ಮನೆಮನೆಗೆ ಡಿಡಿಟಿ ಹೊಡೆಯಲು ಬಂದ ಮೇಲೆ ಆ ಸಣ್ಣ ಕೆಲಸಗಳಿಗೆ ಇವನನ್ನು ಕರೆಯುವವರು ಕಡಿಮೆಯಾದರು. ಇಲಿಗಳು ಮಾತ್ರ ಡಿಡಿಟಿಗೆ ಸೊಪ್ಪು ಹಾಕಲಿಲ್ಲ, ಹಾಗಾಗಿ ಅವನ ಕಸುಬು ಉಳಿಯಿತು.

ಬಂದಳಿಕೆಯ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದವನು. ಅವನು ಚಿಕ್ಕವನಿದ್ದಾಗ ಪ್ಲೇಗು ಬಂತು. ಮೊದಲು ಮನೆಗಳಲ್ಲಿ ಇಲಿ ಸತ್ತು ಬಿದ್ದವು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಊರಿಗೆ ಮರಳುವ ಹೊತ್ತಿಗೆ ಅವನ ಮನೆಯಲ್ಲಿ ಉಳಿದವನು ಅವನೊಬ್ಬ. ಅವ್ವ, ಅಪ್ಪ, ತಮ್ಮಂದಿರು ಎಲ್ಲರನ್ನೂ ಆ ಹೊಲದಲ್ಲೇ ಬಿಟ್ಟು ಬಂದ. ಆಮೇಲೆ ಯಾರದೋ ಮನೆಯಲ್ಲಿ ದನ ಕಾದು, ಯಾವನೋ ಮುದುಕನ ಹಿಂದೆ ತಿರುಗಿ ಈ ವಿದ್ಯೆ ಕಲಿತು ಶಿಕಾರಿಪುರಕ್ಕೆ ಬಂದು ಅಕ್ಕಿ ಮಂಡಿಯ ಹಿಂದೆ ಒಂದು ಕೋಣೆ ಹಿಡಿದ. ಮದುವೆಗೆಂದು ಒಂದೆರಡು ಕಡೆ ಹೆಣ್ಣು ಕೇಳಿದ್ದುಂಟು. ಪಾಷಾಣ ಕಲಸುವ ಕೈಗೆ ಯಾವ ಹೆಣ್ಣು ಬಡಿಸುತ್ತಾಳೆ, ಆ ಕೈ ತಂದ ಅಕ್ಕಿಯನ್ನು ಯಾವ ಹೆಣ್ಣು ಬೇಯಿಸುತ್ತಾಳೆ ಎಂದು ಕೇಳಿದರಂತೆ. ಇವನೂ ಮತ್ತೆ ಆ ಗೋಜಿಗೆ ಹೋಗಲಿಲ್ಲ. ಖಾನಾವಳಿಯಲ್ಲಿ ಅವನ ತಟ್ಟೆ ಬೇರೆ ಇತ್ತು, ಅವನೇ ತೊಳೆದು ಅವನೇ ಗೂಟಕ್ಕೆ ಸಿಕ್ಕಿಸಿ ಬರಬೇಕು. ಅಕ್ಕಿ ಮಂಡಿಯ ಹಿಂದಿನ ಕೋಣೆ ಎಂದರೆ ಇಲಿಗಳ ತವರು. ಆದರೂ ಅವನ ಕೋಣೆಗೆ ಇಲಿ ಕೂಡ ಬರುತ್ತಿರಲಿಲ್ಲ. ಇದನ್ನು ಅವನೇ ನಗುತ್ತಾ ಹೇಳುತ್ತಿದ್ದ, ನನಗೆ ನಗು ಬರುತ್ತಿರಲಿಲ್ಲ.

ಅವನು ಒಂದು ಮನೆಗೆ ಹೋಗುವ ರೀತಿ ಹೇಳಬೇಕು. ಬೇಕಾದವರು ಬಸ್ಸಿನ ಕಂಡಕ್ಟರ್ ಜಯಪ್ಪನ ಕೈಲಿ ನನ್ನ ಅಂಗಡಿಗೆ ಹೇಳಿ ಕಳಿಸುತ್ತಿದ್ದರು. ಇವನು ಹೊರಡುತ್ತಿದ್ದ. ಹೊಸ್ತಿಲು ದಾಟಿದ ಮೇಲೆ ಅವನು ಬಂದ ಕೆಲಸವನ್ನು ಮನೆಯವರೂ ಎತ್ತಬಾರದು, ಅವನೂ ಎತ್ತಬಾರದು. ಇಲಿಗಳಿಗೆ ಸಂಶಯ ಬರಬಾರದಲ್ಲ, ಅದಕ್ಕೆ ಅವನು ನೆಂಟ. ಒಂದು ಮನೆಗೆ ಸೋದರಮಾವ, ಇನ್ನೊಂದು ಮನೆಗೆ ಚಿಕ್ಕಪ್ಪ. ಮನೆಯವರು ಅಟ್ಟಕ್ಕೆ ಕೇಳುವಂತೆ ಬಾಯಿ ತುಂಬ ಕರೆಯುತ್ತಾರೆ, ಚಾಪೆ ಹಾಸುತ್ತಾರೆ, ಎಲೆ ಅಡಿಕೆ ಕೊಡುತ್ತಾರೆ, ಮಳೆ ಬೆಳೆ ಮಾತಾಡುತ್ತಾರೆ. ಹಾಗೆ ಮಾತಾಡುತ್ತಲೇ ಒಲೆ ಆರಿಸುತ್ತಾರೆ, ಅನ್ನ ಸಾರನ್ನು ಪಕ್ಕದ ಮನೆಗೆ ಸಾಗಿಸುತ್ತಾರೆ, ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚುತ್ತಾರೆ, ಅಡುಗೆಮನೆಗೆ ಸರಪಳಿ ಹಾಕುತ್ತಾರೆ, ಒಬ್ಬೊಬ್ಬರಾಗಿ ಮೆಲ್ಲಗೆ ಹೊರಗೆ ಹೋಗುತ್ತಾರೆ. ಪಾಷಾಣ ಇಟ್ಟ ಮನೆಯಲ್ಲಿ ಆ ದಿನ ಯಾರೂ ಉಣ್ಣುವುದಿಲ್ಲ, ಮಲಗುವುದಿಲ್ಲ. ನೆಂಟನೊಬ್ಬನೇ ಅಲ್ಲಿರುತ್ತಾನೆ. ಬೆಳಗಾಗುವುದರೊಳಗೆ ಸತ್ತ ಇಲಿಗಳನ್ನೆಲ್ಲ ಆರಿಸಿ ಹೂತು ಹೊರಟುಬಿಡಬೇಕು, ಏಕೆಂದರೆ ಬಿದ್ದ ಇಲಿಯನ್ನು ಕಂಡರೆ ಪ್ಲೇಗಿನ ಕಾಲದ ಮುದುಕಿಯರು ಗಂಟುಮೂಟೆ ಕಟ್ಟುತ್ತಾರೆ. ಹೋದ ವರ್ಷ ಕ್ಯಾಸನೂರಿನ ಕಾಡಿನಲ್ಲಿ ರೋಗದಿಂದ ಮಂಗಗಳು ಸತ್ತ ಸುದ್ದಿ ಹಬ್ಬಿದ ಮೇಲಂತೂ ಸತ್ತ ಪ್ರಾಣಿ ಎಂದರೆ ಎಲ್ಲರಿಗೂ ಜೀವ ಬಾಯಿಗೆ ಬರುತ್ತಿತ್ತು. ಮನೆಯೊಡತಿ ನೆಲ ಸಾರಿಸಿದ ಮೇಲೆಯೇ ಒಲೆಗೆ ಬೆಂಕಿ. ಕೊಂದ ಪಾಪ ಅವನಿಗೆ, ಕಾಳು ಉಳಿದ ಪುಣ್ಯ ಇವರಿಗೆ. ಹೀಗಾಗಿ ಎರಡು ತಾಲ್ಲೂಕಿನ ತುಂಬ ನೆಂಟರಿದ್ದ ಉಚ್ಚಂಗಪ್ಪ ಒಂದು ಮನೆಯಲ್ಲೂ ಒಂದು ತುತ್ತು ಉಂಡವನಲ್ಲ.

ಕುಬಟೂರಿನ ಸದಾಶಿವಪ್ಪನ ಮನೆಯಲ್ಲಿ ಅವನು ಅಣ್ಣ. ಸದಾಶಿವಪ್ಪನ ಹೆಂಡತಿ ವರದಮ್ಮನಿಗೆ ಒಡಹುಟ್ಟಿದವರಿಲ್ಲ. ತವರಲ್ಲಿ ಯಾರೂ ಉಳಿದಿಲ್ಲ, ಮನೆಯೂ ಬಿದ್ದುಹೋಗಿತ್ತು. ಉಳಿದ ಮನೆಗಳಲ್ಲಿ ಹೆಂಗಸರು ಆಡುವ ನೆಂಟಸ್ತನದ ಮಾತು ಒಣಗಿದ ರೊಟ್ಟಿ ಮುರಿದ ಹಾಗೆ. ವರದಮ್ಮ ಹಾಗಲ್ಲ. ಇವನು ಅಂಗಳಕ್ಕೆ ಕಾಲಿಟ್ಟ ಕೂಡಲೇ, "ಬಾ ಅಣ್ಣ, ಬಾ. ತಂಗಿ ಒಬ್ಳು ಇದಾಳೆ ಅನ್ನೋದೇ ಮರ್ತುಬಿಟ್ಯಾ? ಎಷ್ಟು ಸೊರಗಿದೀಯ," ಎನ್ನುತ್ತಿದ್ದಳಂತೆ. ಬೇಸಿಗೆಯಲ್ಲಿ ಹೋದಾಗ ಅವಳು ಇನ್ನೂ ಒಂದು ಮಾತು ಸೇರಿಸಿದಳು. "ಪಂಚಮಿ ಬಂತು ಅಂದ್ರೆ ನನ್ನ ಹೊಟ್ಟೆ ಉರೀತದೆ ಅಣ್ಣ. ಓಣಿ ಹೆಣ್ಮಕ್ಕಳಿಗೆಲ್ಲ ತವರಿಂದ ಬರ್ತಾರೆ. ನನಗ್ಯಾರು ಬರ್ತಾರೆ? ಈ ಸಲ ನೀನಾದ್ರೂ ಬಾ."

ಇದನ್ನು ಅವನು ನನ್ನ ಅಂಗಡಿಯ ಹಲಗೆಯ ಮೇಲೆ ಕೂತು ಹೇಳಿದ, ಮುಖದಲ್ಲಿ ಮದುವೆ ನಿಶ್ಚಯವಾದ ಕಳೆ. ಪಂಚಮಿಗೆ ಕುಬಟೂರಿಗೆ ಹೋಗುತ್ತೇನೆ, ಒಂದು ಅಂಗಿ ಹೊಲಿದು ಕೊಡಿ ಎಂದ. ನನಗೆ ಸಿಟ್ಟು ಬಂತು. ಕಣ್ಣಿದ್ದೂ ಹಳ್ಳಕ್ಕೆ ಬೀಳುವವರನ್ನು ಕಂಡರೆ ನನಗೆ ಯಾವಾಗಲೂ ಸಿಟ್ಟು.

"ಉಚ್ಚಂಗಪ್ಪ, ಆ ಮಾತು ಹೇಳುವಾಗ ಆಕೆ ಮುಖ ಎತ್ತ ಕಡೆ ಇತ್ತು?" ಎಂದು ಕೇಳಿದೆ.

"ಅಟ್ಟದ ಕಡೆ."

"ಮತ್ತೆ?"

"ಕಣ್ಣಾಗೆ ನೀರಿತ್ತು ಮಾಸ್ಟ್ರೇ. ಇಲಿಗೆ ತೋರ್ಸಾಕೆ ಅಂತ ಯಾರೂ ಅಳಾದಿಲ್ಲ."

ಎದ್ದು ಟೇಪು ತೆಗೆದೆ. ಅಳತೆ ತೆಗೆದುಕೊಂಡೆ. ಅಂಗಿಗೆ ಜೇಬು ಬೇಡ ಎಂದ. ಎದೆಯ ಮೇಲೊಂದಾದರೂ ಇರಲಿ ಎಂದರೆ ಅದೂ ಬೇಡ, ಏನೂ ತಂದಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗಬೇಕು ಎಂದ. ಬಿಳಿ ಬಟ್ಟೆಯಲ್ಲಿ ಜೇಬಿಲ್ಲದ ಅಂಗಿ ಹೊಲಿದೆ. ಅಂಥ ಅಂಗಿಯನ್ನು ನಾನು ಹೊಲಿದದ್ದು ಕೂಸುಗಳಿಗೆ ಮಾತ್ರ.

ಆ ಹಬ್ಬಕ್ಕೆ ಅವನು ಮಾಡಿಕೊಂಡ ತಯಾರಿ ನೋಡಬೇಕಿತ್ತು. ಹಬ್ಬ ಇನ್ನೂ ದೂರವಿರುವಾಗಲೇ ಪಾಷಾಣದ ಡಬ್ಬಿ ಮುಟ್ಟುವುದನ್ನು ಬಿಟ್ಟ. ಕರೆ ಬಂದ ಮನೆಗಳಿಗೆ ಹಬ್ಬ ಕಳೆಯಲಿ ಎಂದು ಹೇಳಿ ಕಳಿಸಿದ. ದಿನಾ ಬೂದಿ ಹಚ್ಚಿ, ಸೀಗೆಪುಡಿ ಹಚ್ಚಿ, ಹುಣಸೆಹಣ್ಣು ಹಚ್ಚಿ ಕೈ ತಿಕ್ಕುತ್ತಿದ್ದ. ಉಗುರಿನ ಬುಡ ಕೆಂಪಾಗಿತ್ತು. ತಂಗಿಗೆ ರವಿಕೆಗಾಗಲಿ ಎಂದು ಪೇಟೆಯಲ್ಲಿ ಹಸಿರು ಅಂಚಿನ ಕುಬಸದ ಕಣ ಆರಿಸಿದ. ಎಳ್ಳುಂಡೆ, ಶೇಂಗಾ ಉಂಡೆಯನ್ನು ತಾನೇ ಕಟ್ಟಿದರೆ ಅನುಮಾನ ಎಂದು ನಿರ್ಮಲಮ್ಮನ ಕೈಲಿ ಕಟ್ಟಿಸಿದ. ಅವಳೂ ಮನಸ್ಸಿಟ್ಟು ಕಟ್ಟಿಕೊಟ್ಟಳು. ಅವನಿಗೆ ಬೇಕಾಗಿದ್ದು ದೊಡ್ಡದೇನೂ ಅಲ್ಲ. ಆ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿ ಕೂತು, ವರದಮ್ಮ ಬಡಿಸಿದ ಒಂದು ಊಟ ಉಣ್ಣಬೇಕು, ಅಷ್ಟೇ. ಐವತ್ತು ದಾಟಿದ ಮನುಷ್ಯ ಅಷ್ಟಕ್ಕೆ ಅಷ್ಟು ಒದ್ದಾಡುವುದನ್ನು ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಬಸ್ಸು ಹೊರಟಾಗ ಕೈ ಬೀಸಿ ಕಳಿಸಿದೆ.

ಮುಂದಿನದನ್ನು ಅವನು ಆಮೇಲೆ ಹೇಳಿದ್ದು, ಜಯಪ್ಪ ಆ ಊರಿನವರಿಂದ ಕೇಳಿ ತಂದದ್ದು, ಎರಡನ್ನೂ ಸೇರಿಸಿ ಹೇಳುತ್ತಿದ್ದೇನೆ.

ಆನವಟ್ಟಿಯಲ್ಲಿ ಇಳಿದು ಕುಬಟೂರಿಗೆ ನಡೆದ. ಕೆರೆ ಏರಿಯ ಮರಕ್ಕೆ ಜೋಕಾಲಿ ಕಟ್ಟಿ ತವರಿಗೆ ಬಂದ ಹೆಣ್ಣುಮಕ್ಕಳು ಜೀಕುತ್ತಿದ್ದರು. ಸದಾಶಿವಪ್ಪನ ಮನೆಯಲ್ಲಿ ಹುತ್ತಕ್ಕೆ ಹಾಲೆರೆದು ಬಂದು ಇನ್ನೇನು ಊಟಕ್ಕೆ ಕೂರಬೇಕು. ಹೊಸ್ತಿಲ ಒಳಗೆ ಉಚ್ಚಂಗಪ್ಪ ನಿಂತಿದ್ದಾನೆ.

ಪಂಚಮಿಯ ದಿನ ನಮ್ಮಲ್ಲಿ ನೆಲ ಅಗೆಯುವುದಿಲ್ಲ, ಕಾಯಿಪಲ್ಲೆ ಹೆಚ್ಚುವುದಿಲ್ಲ, ಒಲೆಯ ಮೇಲೆ ಹೆಂಚಿಡುವುದಿಲ್ಲ. ಯಾವ ಜೀವಕ್ಕೂ ನೋವಾಗಬಾರದ ದಿನ. ಅಂಥ ದಿನ ಈ ಮನುಷ್ಯ ಬಂದು ನಿಂತರೆ ಮನೆಯವರ ಗತಿ ಏನು? ಸದಾಶಿವಪ್ಪ ಹೆಂಡತಿಯ ಮುಖ ನೋಡಿದ, ಇವಳೇ ಹೇಳಿ ಕಳಿಸಿದಳೆಂದು. ವರದಮ್ಮ ಗಂಡನ ಮುಖ ನೋಡಿದಳು, ಇವರಿಗೆ ಹಬ್ಬದ ದಿನವೇ ಬೇಕಾಗಿತ್ತೇ ಎಂದು. ಕೇಳಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕೇಳುವಂತಿಲ್ಲ, ಅವನು ಹೊಸ್ತಿಲು ದಾಟಿಯಾಗಿತ್ತು.

ವರದಮ್ಮನ ಬಾಯಿ ರೂಢಿಯಂತೆ ಬಿಚ್ಚಿಕೊಂಡಿತು. "ಬಾ ಅಣ್ಣ, ಬಾ. ಪಂಚಮಿಗೆ ಬಂದೆ ನೋಡು, ನನ್ನ ಹೊಟ್ಟೆ ತಣ್ಣಗಾತು. ಕೂತ್ಕೋ."

ಉಚ್ಚಂಗಪ್ಪನಿಗೆ ಜನ್ಮ ಸಾರ್ಥಕವಾದಂತಾಯಿತು. ಚಾಪೆಯ ಮೇಲೆ ಕೂತ. ಹೊಸ ಅಂಗಿಯ ಎದೆಯನ್ನು ಒಂದೆರಡು ಸಲ ಸವರಿಕೊಂಡ, ಅವರ ಕಣ್ಣಿಗೆ ಬೀಳಲಿ ಎಂದು. ಸದಾಶಿವಪ್ಪ ಎಲೆ ಅಡಿಕೆ ಕೊಟ್ಟು ಗದ್ದೆಯ ನಾಟಿ ಬಗ್ಗೆ ಮಾತಾಡಿದ. ಮಕ್ಕಳು ಕಡುಬಿನ ಪಾತ್ರೆಯನ್ನು ಇಬ್ಬಿಬ್ಬರು ಹಿಡಿದು ಹೊರಗೆ ಒಯ್ದರು. ಹಬ್ಬದ ದಿನ ಓಣಿಯಲ್ಲಿ ಹಂಚುವ ಪದ್ಧತಿ ಇರುತ್ತದೆ ಎಂದುಕೊಂಡ. ಹಿಂದೆಯೇ ಸಾರಿನ ಪಾತ್ರೆ ಹೋಯಿತು, ಹಾಲು ಹೋಯಿತು, ಉಂಡೆಯ ಡಬ್ಬಿ ಹೋಯಿತು. ದೊಡ್ಡ ಮನೆ, ಕೈ ದೊಡ್ಡದು ಎಂದುಕೊಂಡ. ಕುಬಸದ ಕಣವನ್ನು ಚೀಲದಿಂದ ಅರ್ಧ ಹೊರಗೆ ತೆಗೆದು, ಅವಳು ಎದುರು ಬಂದಾಗ ಕೊಡೋಣ ಎಂದು ಕಾದ.

ವರದಮ್ಮ ಬಂದಳು, ಕಂಕುಳಲ್ಲಿ ಬೆಕ್ಕು ಇತ್ತು. ಅವನಿಂದ ಮಾರು ದೂರದಲ್ಲಿ ನೀರಿನ ತಂಬಿಗೆ ಇಟ್ಟು, ತಿರುಗಿ ಹೋಗಿ ಅಡುಗೆಮನೆಯ ಬಾಗಿಲೆಳೆದು ಸರಪಳಿ ಹಾಕಿದಳು. ಆ ಸರಪಳಿಯ ಸದ್ದು ಕೇಳಿದಾಗ ಅವನಿಗೆ ಗೊತ್ತಾಯಿತು.

"ಇಲ್ಲೇ ತಿಮ್ಮಮ್ಮನ ಮನೆಗೆ ಹೋಗಿ ಬರ್ತೀವಿ ಅಣ್ಣ, ನಿನ್ನ ಮನೆ ಅಂತ ತಿಳ್ಕೊಂಡು ಇರು," ಎಂದಳು ವರದಮ್ಮ, ಅಟ್ಟದ ಕಡೆ ನೋಡುತ್ತಾ. ಪ್ರತಿ ಸಲವೂ ಹೇಳುವ ಮಾತು ಅದೇ.

ಆಮೇಲೆ ಇದನ್ನು ಕೇಳಿ ನಾನು ಅವನನ್ನು ತರಾಟೆಗೆ ತೆಗೆದುಕೊಂಡೆ: "ಹೇಳಬೇಕಿತ್ತು ನೀವು. ಅಮ್ಮಾ, ನಾನು ಆ ಕೆಲಸಕ್ಕೆ ಬಂದಿಲ್ಲ, ನಿನ್ನ ನೋಡೋಕೆ ಬಂದೆ ಅಂತ. ಇಲಿ ಕೇಳಿಸ್ಕೊಂಡ್ರೆ ಕೇಳಿಸ್ಕೊಳ್ಳಲಿ."

"ಬಾಯಿ ತನಕ ಬಂದಿತ್ತು ಮಾಸ್ಟ್ರೇ," ಎಂದ. "ಹೇಳಿದ್ರೆ ಆಕೆ ಮುಖ ಹೆಂಗಾಗ್ತಿತ್ತೋ. ಪಾಪ, ನಾಚಿಕಿ ಪಡ್ತಿದ್ಲು. ಮುಂದಿನ ಸಲ ಅಣ್ಣ ಅನ್ನಾಕೆ ಬಾಯಿ ಬರ್ತಿರಲಿಲ್ಲ ಆಕೆಗೆ. ಇದೊಂದು ಹೋದ್ರೆ ನನಗೇನೈತಿ?"

ಹಾಗಾಗಿ ಬಾಯಿ ಮುಚ್ಚಿಕೊಂಡು ಕೂತ. ಎದ್ದು ಹೋಗುವಂತೆಯೂ ಇರಲಿಲ್ಲ. ಕೆಲಸ ಮುಗಿಯದೆ ಇಲಿಯವನು ನಡುವೆ ಎದ್ದು ಹೋದರೆ ಮನೆಗೆ ಕೇಡು ಎಂದು ಹೆದರುತ್ತಾರೆ. ಎರಡು ಮನೆ ಆಚೆ ತಿಮ್ಮಮ್ಮನ ಪಡಸಾಲೆಯಲ್ಲಿ ಅವರೆಲ್ಲ ಉಣ್ಣುವುದು, ನಗುವುದು ಕೇಳಿಸುತ್ತಿತ್ತು. ಸಂಜೆಯ ಹೊತ್ತಿಗೆ ಅಟ್ಟ ಹತ್ತಿದ. ನಿರ್ಮಲಮ್ಮ ಕಟ್ಟಿದ ಉಂಡೆಗಳನ್ನು ಒಂದೊಂದಾಗಿ ಮುರಿದು, ಪಾಷಾಣ ಇಡುವ ಜಾಗಗಳಲ್ಲೇ, ಕಣಜದ ಬುಡಕ್ಕೆ, ತೊಲೆಯ ಸಂದಿಗೆ, ಗೋಡೆಯ ಮೂಲೆಗೆ ಇಟ್ಟ. ತಾನೊಂದು ಚೂರು ಬಾಯಿಗೆ ಹಾಕಿಕೊಂಡರೂ ಆಗುತ್ತಿತ್ತು, ಬೆಳಗಿನಿಂದ ಉಪವಾಸವಿದ್ದ. ಪಾಷಾಣ ಇಟ್ಟ ಮನೆಯಲ್ಲಿ ಯಾರೂ ಉಣ್ಣಬಾರದಲ್ಲ, ಅದಕ್ಕೆ ತಿನ್ನಲಿಲ್ಲವಂತೆ. ಅದು ಪಾಷಾಣವೇ ಅಲ್ಲವಲ್ರೀ ಮಾರಾಯ್ರೇ ಎಂದು ನಾನು ತಲೆ ಚಚ್ಚಿಕೊಂಡೆ. ಆ ರಾತ್ರಿ ಪಡಸಾಲೆಯಲ್ಲಿ ಅಂಗಾತ ಮಲಗಿದ್ದವನಿಗೆ ಮೇಲೆ ಇಲಿಗಳು ಕಟಕಟ ತಿನ್ನುವ ಸದ್ದು ಕೇಳುತ್ತಿತ್ತಂತೆ. ಆ ಮನೆಯಲ್ಲಿ ಆವತ್ತು ಹಬ್ಬದೂಟ ಉಂಡದ್ದು ಅವು ಮಾತ್ರ.

ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸ್ಸು ಬಂದ. ಕುಬಸದ ಕಣವನ್ನು ನನ್ನ ಮಿಷನ್ನಿನ ಮೇಲಿಟ್ಟು ಏನಾದರೂ ಮಾಡಿ ಎಂದ. ನನಗೆ ಕತ್ತರಿ ಹಾಕಲು ಮನಸ್ಸು ಬರಲಿಲ್ಲ. ಅದನ್ನು ಮಡಿಸಿ ಅವನ ಕೈಗೇ ಕೊಟ್ಟೆ. ನಿರ್ಮಲಮ್ಮ ಒಳಗೆ ಕರೆದು ತಟ್ಟೆ ಹಾಕಿದಳು. ಕೂತ, ಅನ್ನ ಕಲಸಿದ, ಉಣ್ಣಲಾಗದೆ ಎದ್ದ. ನನ್ನ ಮನೆಯ ಊಟ ಅವನಿಗೆ ಬೇಕಾದ ಊಟವಲ್ಲ, ಅದು ನನಗೂ ಗೊತ್ತಿತ್ತು.

ಸದಾಶಿವಪ್ಪ ಮಾತ್ರ ಆನವಟ್ಟಿ ಸಂತೆಯಲ್ಲಿ ಕಂಡಕಂಡವರಿಗೆ ಹೇಳುತ್ತಿದ್ದನಂತೆ: "ಅವನಂಥ ಕಸುಬುದಾರ ಈ ಸೀಮೆನಾಗೆ ಇಲ್ಲ. ಹಬ್ಬದ ದಿನ ನೋಡ್ಕಂಡು, ಹೊಸ ಅಂಗಿ ಹಾಕ್ಕಂಡು, ಚೀಲ ಹಿಡ್ಕಂಡು ಬಂದಿದ್ದ. ಇಲಿಗೆ ಬಿಡ್ರಿ, ನನಗೇ ಒಂದ್ ಗಳಿಗೆ ನೆಂಟ ಅನ್ನಿಸ್ತು." ಜಯಪ್ಪ ಇದನ್ನು ನಗುತ್ತಾ ಬಂದು ಹೇಳಿದಾಗ ನನ್ನ ಕೈಯಲ್ಲಿ ಕತ್ತರಿ ಇತ್ತು. ಉಚ್ಚಂಗಪ್ಪನ ಎದುರು ಈ ಮಾತು ತೆಗೆದೀಯ ಜೋಕೆ ಎಂದೆ.

ಉಂಡೆ ತಿಂದ ಇಲಿಗಳು ಸುಮ್ಮನಿರುತ್ತವೆಯೇ? ದೀಪಾವಳಿ ಕಳೆದು ಗದ್ದೆ ಬಣ್ಣ ತಿರುಗುವ ಹೊತ್ತಿಗೆ ಕುಬಟೂರಿನಿಂದ ಕರೆ ಬಂತು. ಉಚ್ಚಂಗಪ್ಪ ನನ್ನ ಅಂಗಡಿಯಲ್ಲೇ ಕೂತಿದ್ದ. ಪಂಚಮಿಯ ನಂತರ ಮಾತು ಕಡಿಮೆಯಾಗಿತ್ತು, ಸುಮ್ಮನೆ ಬಂದು ರಸ್ತೆ ನೋಡುತ್ತಾ ಕೂರುತ್ತಿದ್ದ. ಜಯಪ್ಪ ಬಸ್ಸಿನಿಂದ ಇಳಿದು ಬಂದು, "ಭತ್ತ ಮನೆಗೆ ಬರೋದ್ರಾಗೆ ಅಣ್ಣ ಒಂದ್ಸಲ ಬಂದು ಹೋಗಬೇಕು ಅಂತ ವರದಮ್ಮ ಹೇಳಿ ಕಳಿಸ್ಯಾಳೆ," ಎಂದ.

"ಹೋಗಬೇಡ್ರಿ," ಎಂದೆ ನಾನು. "ಬೋನು ತಂದಿಟ್ಕೊಳ್ಳಲಿ. ಇಲ್ಲಾ ಇನ್ನೊಂದು ಬೆಕ್ಕು ಸಾಕ್ಕೊಳ್ಳಲಿ. ಅಷ್ಟು ಮಾಡಿದವರ ಮನೆಗೆ ಮತ್ತೆ ಹೋಗೋದುಂಟಾ?"

ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಜಯಪ್ಪನ ಮುಖವನ್ನೇ ನೋಡುತ್ತಿದ್ದ. "ಅಣ್ಣ ಅಂತ ಆಕೇನೇ ಅಂದ್ಲೇನು, ನೀನು ಸೇರಿಸಿದ್ಯೋ?"

"ಆಕೇನೇ ಅಂದ್ಲು. ಆನವಟ್ಟಿನಾಗೆ ಬಸ್ಸಿನ ಬಾಗಿಲ ಹತ್ರ ನಿಂತ್ಕಂಡು ಅಂದ್ಲು. ನಾನ್ಯಾಕೆ ಸೇರಿಸ್ಲಿ?"

ಉಚ್ಚಂಗಪ್ಪ ಎದ್ದು ಕೋಣೆಗೆ ಹೋದ. ಬರುವಾಗ ಕರಿ ಕೋಟು ತೊಟ್ಟಿದ್ದ, ಒಳಜೇಬು ಉಬ್ಬಿತ್ತು. ಮೂರು ತಿಂಗಳಿಂದ ನೋಡದ ಬೆಳಕು ಮುಖದಲ್ಲಿತ್ತು. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂತೋ ಅಷ್ಟೇ ಸಂಕಟವೂ ಆಯಿತು.

"ಆಕೆ ಕರೆದಿದ್ದು ಇಲಿ ಕೊಲ್ಲೋಕೆ," ಎಂದೆ.

"ಗೊತ್ತೈತಿ ಮಾಸ್ಟ್ರೇ," ಎಂದ ಅವನು, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುತ್ತಾ. "ಆದ್ರೆ ಬಸ್ಸಿನ ಬಾಗಿಲ ಹತ್ರ ಇಲಿ ಎಲ್ಲಿದ್ವು?"